ಪದ್ಯವನ್ನೋದಿ ಪ್ರಬಂಧ ಬರೆಯುವ ಬಗೆ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ತಾಯಿತಂದೆಗಳಲ್ಲಿ ಕೆಲವರು ನಮ್ಮ ಬಳಿಗೆ ಬಂದು, "ನಮ್ಮ ಹುಡುಗಿಗೆ ಪದ್ಯಗಳೆಲ್ಲ ಕಂಠಪಾಠವಾಗಿವೆ, ಆದರೂ ಪ್ರಬಂಧದಲ್ಲಿ ಅಂಕಗಳು ಬರುವುದಿಲ್ಲವೇಕೆ?" ಎಂದು ಕೇಳುವುದುಂಟು. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಹೇಳುವುದು ಸಾಧ್ಯವಲ್ಲ. ಆದುದರಿಂದ ಎಲ್ಲರೂ ಬಲ್ಲ ಒಂದು ಪದ್ಯವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಶದಪಡಿಸಲು ಯತ್ನಿಸುತ್ತೇವೆ.

ಆ ಪದ್ಯವು 'ಗೋವಿನ ಹಾಡು'. ಕರ್ತೃವು ಯಾರೆಂಬುದು ತಿಳಿಯದೆ, ಜನರ ಬಾಯಿಂದ ಬಾಯಿಗೆ ನಡೆದುಬಂದ ಕಥೆಯಿದು. ಹುಲಿಯ ಕೈಗೆ ಸಿಕ್ಕಿದ ಪುಣ್ಯಕೋಟಿಯೆಂಬ ಹಸುವು ಕರುವಿಗೆ ಹಾಲೂಡಿಸಿ ಬರುವೆನೆಂದು ಭಾಷೆಯಿತ್ತು ಹೋಗಿ, ಹೇಳಿದಂತೆಯೇ ಹಿಂದಿರುಗುತ್ತದೆ. ಹುಲಿಯು ನಾಚಿ ತನ್ನ ಪ್ರಾಣವನ್ನೇ ಬಿಡುತ್ತದೆ. ಈ ಹಾಡನ್ನು ಕುರಿತು ಬರೆಯಿರೆಂದರೆ ಹತ್ತರಲ್ಲಿ ಒಂಬತ್ತು ಹುಡುಗಿಯರು ಈ ಕಥೆಯನ್ನೇ ಮೂರು ಪುಟ ಬರೆದು, ಕೊನೆಗೆ "ಆದುದರಿಂದ ನಾವೆಲ್ಲರೂ ಸತ್ಯವನ್ನೇ ನುಡಿಯಬೇಕು" ಎಂದು ಮುಗಿಸುವರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಕಥೆಯ ಸಾರಾಂಶವೇ ಹೊರತು ವಿಮರ್ಶೆಯಲ್ಲ. ಪದ್ಯವನ್ನು ಓದದೆ ಬರಿಯ ಕಥೆಯನ್ನು ಕೇಳಿದವಳೂ ಇಷ್ಟನ್ನು ಬರೆಯಬಲ್ಲಳು.

ವಿಮರ್ಶೆಯು ಪ್ರಶ್ನೆಯಿಂದ ಆರಂಭವಾಗುತ್ತದೆ. ಕವಿಯು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾನೆ? ಯಾರ ಬಾಯಲ್ಲಿ ಯಾವ ಮಾತನ್ನಿಡುತ್ತಾನೆ? ಏನನ್ನು ಹೇಳದೆ ಬಿಡುತ್ತಾನೆ? ಈ ಮೂರನ್ನು ಕೇಳಿಕೊಂಡ ಮೇಲೆ ಹುಡುಗಿಯು ತನ್ನ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಅನಂತರ ಪದ್ಯದಿಂದ ಆಧಾರಗಳನ್ನು ತೋರಿಸಿ, ಪ್ರತಿಯೊಂದು ಆಧಾರವೂ ಆ ಅಭಿಪ್ರಾಯವನ್ನು ಹೇಗೆ ಸ್ಥಾಪಿಸುವುದೆಂಬುದನ್ನು ವಿವರಿಸಬೇಕು. ಈ ಕೊನೆಯ ಹೆಜ್ಜೆಯನ್ನೇ ಬಹುಮಂದಿ ಬಿಟ್ಟುಬಿಡುವರು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯು, "ಈ ಹಾಡಿನಲ್ಲಿ ಸತ್ಯದ ಬೆಲೆಯನ್ನು ತೆರಬೇಕಾದುದು ಹಸುವೊಂದೇ ಅಲ್ಲ, ಕರುವೂ ಹೌದು" ಎಂದು ಬರೆದಿದ್ದಳು. ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದ ಉತ್ತರಕ್ಕೆ ಅದು ಹೊಂದದಿದ್ದುದರಿಂದ ಬಹಳ ಕಡಿಮೆ ಅಂಕಗಳನ್ನು ಕೊಟ್ಟೆವು. ಮರುದಿನ ಆಕೆಯು ಪುಸ್ತಕವನ್ನು ಹಿಡಿದು ನಮ್ಮ ಕೋಣೆಗೆ ಬಂದಳು. ಅಳಲಿಲ್ಲ, ವಾದ ಹೂಡಲೂ ಇಲ್ಲ. ಪದ್ಯಗಳನ್ನು ಒಂದೊಂದಾಗಿ ತೋರಿಸಿದಳು. ಹಸುವು ಹುಲಿಯೊಡನೆ ತನ್ನ ಜೀವವನ್ನು ಬೇಡುವುದಿಲ್ಲ, ಕರುವಿಗೆ ಹಾಲೂಡಿಸುವಷ್ಟು ಸಮಯವನ್ನು ಮಾತ್ರ ಬೇಡುತ್ತದೆ. ಹಾಡು ಗುಹೆಯ ಮುಂದೆ ನಿಂತಷ್ಟೇ ಹೊತ್ತು ದೊಡ್ಡಿಯಲ್ಲಿಯೂ ನಿಲ್ಲುತ್ತದೆ. ಇನ್ನು ತಾನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರುವು ಕೇಳುತ್ತದೆ. ಆ ಪ್ರಶ್ನೆಗೆ ಸತ್ಯವೆಂಬ ಮಾತೊಂದರಿಂದ ಉತ್ತರ ದೊರೆಯದು. ಆದುದರಿಂದಲೇ ತಾಯಿಯು ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ತಬ್ಬಲಿಯನ್ನು ತಮ್ಮ ಕಂದನಂತೆ ಕಾಣಿರೆಂದು ಒಪ್ಪಿಸಿ ಹೊರಡುತ್ತದೆ.

ನಾವು ಅಂಕಗಳನ್ನು ತಿದ್ದಿದೆವು. ಆದರೆ ಆಕೆಯ ಪ್ರಬಂಧದಲ್ಲಿಯೂ ಒಂದು ಕೊರತೆಯಿದ್ದಿತು. ಹುಲಿಯ ಮರಣವನ್ನು ಆಕೆ ಹೇಳದೆಯೇ ಬಿಟ್ಟಿದ್ದಳು, ಏಕೆಂದರೆ ಅದು ತನ್ನ ವಾದಕ್ಕೆ ಒಗ್ಗಲಿಲ್ಲ. ತನ್ನ ಅಭಿಪ್ರಾಯಕ್ಕೆ ಎದುರಾಗಿ ಕಾಣುವ ಭಾಗವನ್ನು ಮರೆಮಾಡುವುದು ವಿಮರ್ಶೆಗೆ ಸಲ್ಲದು. ಅದನ್ನೇ ಮೊದಲು ಎದುರಿಸಬೇಕು. ಹೀಗೆಂದು ಹೇಳಿದಾಗ ಆಕೆಯು ಕೊನೆಯ ಭಾಗವನ್ನು ಮತ್ತೆ ಬರೆದಳು: ಕರುವನ್ನು ಬಿಟ್ಟು ಬರುವ ತಾಯಿಯುಂಟೆಂದು ಹುಲಿಯು ನಂಬಿರಲಿಲ್ಲ, ಹಸುವು ಏನನ್ನು ಬಿಟ್ಟು ಬಂದಿತೆಂಬುದು ತಿಳಿದುದರಿಂದಲೇ ಅದಕ್ಕೆ ಅಷ್ಟು ನಾಚಿಕೆಯಾಯಿತು. ಹೀಗೆ ಎದುರಾಗಿ ಕಂಡುದೇ ಆಕೆಯ ವಾದಕ್ಕೆ ಬಲವಾಯಿತು.

ಇದರಿಂದ ಮಾತಾಪಿತೃಗಳಿಗೆ ನಾವು ಮಾಡುವ ವಿಜ್ಞಾಪನೆ ಇಷ್ಟೇ. ಸಿದ್ಧ ಉತ್ತರಗಳ ಪುಸ್ತಕಗಳನ್ನು ಕೊಂಡು ಕೊಡಬೇಡಿರಿ. ಅವು ಪರರ ಕಣ್ಣಿನಿಂದ ನೋಡುವುದನ್ನು ಕಲಿಸುವವು. ಸಂಜೆ ಹುಡುಗಿಯು ಪದ್ಯವನ್ನು ಗಟ್ಟಿಯಾಗಿ ಓದಲಿ. ಆಕೆಯೇನಾದರೂ ಹೇಳಿದಾಗ "ಅದು ಪದ್ಯದಲ್ಲಿ ಎಲ್ಲಿದೆ?" ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಲ್ಲಳು. ಆಧಾರವನ್ನು ತೋರಿಸಿ ಮಾತನಾಡುವುದನ್ನು ಕಲಿತವಳು ಮುಂದೆ ಮನೆಯಲ್ಲಿಯೂ ಸಭೆಯಲ್ಲಿಯೂ ತನ್ನ ಮಾತನ್ನು ಅಂಜದೆ ಆಡುವಳು. ತಪ್ಪಿದ್ದರೆ ಅಷ್ಟೇ ಧೈರ್ಯದಿಂದ ಒಪ್ಪಿಕೊಳ್ಳುವಳು.

ಆ ವಿದ್ಯಾರ್ಥಿನಿಯೂ ಈ ಪುಟಗಳನ್ನು ಓದುತ್ತಿರಬಹುದು. ಅಂದು ಆಕೆಗೆ ಅಂಕಗಳನ್ನು ಕೊಟ್ಟೆವು, ಕೃತಜ್ಞತೆಯನ್ನು ಹೇಳಿರಲಿಲ್ಲ. ಅದನ್ನು ಇಲ್ಲಿ ಸಲ್ಲಿಸುತ್ತೇವೆ.