ಆತಕೂರಿನ ಕಾಳಿ: ನಾಯಿಯ ಕಲ್ಲಿನಲ್ಲೊಂದು ಯುದ್ಧ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ನಾನು ಮೊದಲು ಹೋಗಿದ್ದು ತಕ್ಕೋಲಂ ಯುದ್ಧದ ಶಾಸನ ನೋಡೋಕೆ. ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ ಯುದ್ಧ ಅದು. ಹೋಗಿ ನೋಡಿದ್ರೆ ಕಲ್ಲಿನ ಮೇಲೆ ಅರಸನೂ ಇಲ್ಲ, ಆನೆಯೂ ಇಲ್ಲ. ಒಂದು ನಾಯಿ ಹಂದಿಯ ಜೊತೆ ಕಾದಾಡ್ತಾ ಇದೆ!

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದು. ಶಕವರ್ಷ 872, ಅಂದರೆ ಕ್ರಿ.ಶ. 949-50. ಗಂಗರ ಅರಸು ಇಮ್ಮಡಿ ಬೂತುಗನ ಆಳು ಮಣಲೇರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಮೆಚ್ಚಿದ ಅರಸ ಬೇಡಿಕೋ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಮುಂದಿನದಕ್ಕೆ ಶಾಸನ ಬಳಸೋದು ಒಂದೇ ಮಾತು: ಒಡಸತ್ತುವು. ಎರಡೂ ಒಟ್ಟಿಗೆ ಸತ್ತವು.

ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಜಮೀನು ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಅಂತ ಶಾಪವೂ ಇದೆ. ದತ್ತಿ ಶಾಸನಗಳ ಕೊನೆಗೆ ಕವಿಲೆಯನ್ನು ಕೊಂದ ಪಾಪ, ವಾರಣಾಸಿಯ ಪಾಪ ಓದಿ ಓದಿ ಅಭ್ಯಾಸವಾದ ನನಗೆ ಇದು ಹೊಸದು. ಬೇಟೆನಾಯಿ ಅಲ್ವಾ, ಪಾಪದ ಲೆಕ್ಕ ಸಣ್ಣದೇನಲ್ಲ.

ಆದರೆ ವಿದ್ವಾಂಸರು ತಲೆ ಕೆಡಿಸಿಕೊಂಡದ್ದು ಅದೇ ಕಲ್ಲಿನ ಇನ್ನೊಂದು ಮಾತಿಗೆ. ಚೋಳ ರಾಜಾದಿತ್ಯನನ್ನು ಬೂತುಗ ಸುರಿಗೆಯಿಂದ ಇರಿದು ಕೊಂದ. ಕೃಷ್ಣ ಮೆಚ್ಚಿ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ ಎಂದು ಅಲ್ಲಿದೆ. ಹೇಗೆ ಇರಿದ? ಮೊದಮೊದಲು ಓದಿದವರು ಇದರಲ್ಲಿ ಮೋಸವನ್ನು ಕಂಡರು. ಬೂತುಗ ನಂಬಿಸಿ ಕೊಂದವನು ಎಂಬ ಹೆಸರು ಹಾಗೆ ಅಂಟಿಕೊಂಡಿತು.

ಆಮೇಲಿನ ಓದು ಬೇರೆ. ಅಲ್ಲಿನ ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ. ಕಳ ಎಂದರೆ ರಣರಂಗ (ಕೊಳುಗುಳ, ರಣಗಳ ಅಂತೀವಲ್ಲ, ಅದೇ). ಅಂಬಾರಿಯೇ ರಣರಂಗವಾಗುವಂತೆ ನುಗ್ಗಿ, ಕಾದಾಡಿ ಕೊಂದ ಅಂತ ಅರ್ಥ. ಅಂದರೆ ಎದುರಾಳಿಯ ಆನೆ ಹತ್ತಿ ಕೈಕೈ ಹೋರಾಟ. ಎರಡು ಪದದ ಮೇಲೆ ಒಬ್ಬ ಅರಸನ ಮಾನ ನಿಂತಿತ್ತು ನೋಡಿ.

ನನಗೆ ಈ ಎರಡನೇ ಓದೇ ಸರಿ ಅನ್ನಿಸುತ್ತೆ. ಕನ್ನಡದ ಅಭಿಮಾನಕ್ಕಲ್ಲ, ಚೋಳರದೇ ಲೈಡನ್ ತಾಮ್ರಪಟ ಕೂಡ ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಸತ್ತ ಅನ್ನುತ್ತೆ. ಬಾಣ ತಗುಲಿ ಅನ್ನುತ್ತೆ, ಸುರಿಗೆ ಅಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಇನ್ನೂ ಒಪ್ಪಿಲ್ಲ.