ಒಂದೇ ಯಂತ್ರ, ಬೇರೆ ಬೇರೆ ಬಿಡಾರ

ನಂಜನಗೂಡು, ತಿ. ನರಸೀಪುರ ಸೀಮೆಯ ತಗಡೂರಿನಂತಹ ಊರಿನಲ್ಲಿ ನೆಲೆಸಿ ಜಾಲತಾಣಗಳನ್ನು ಕಟ್ಟಿಕೊಡುವ ತಂತ್ರಜ್ಞರು ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಲವರ ಕೆಲಸವನ್ನು ನಿಭಾಯಿಸಬೇಕಾಗುತ್ತದೆ. ಸಹಕಾರ ಸಂಘವೊಂದರ ಹಳೆಯ ತಾಣವು ಪಿಎಚ್‌ಪಿ ಭಾಷೆಯ 5.6ನೇ ಆವೃತ್ತಿಯನ್ನೂ ಮೈಎಸ್‌ಕ್ಯುಎಲ್ 5.7 ದತ್ತಸಂಚಯವನ್ನೂ ನೆಚ್ಚಿಕೊಂಡಿದ್ದು, ಶಾಲೆಯೊಂದರ ಹೊಸ ತಾಣಕ್ಕೆ ಎರಡರದ್ದೂ 8ನೇ ಆವೃತ್ತಿ ಬೇಕಾದರೆ, ಒಂದಕ್ಕಾಗಿ ಮಾಡಿದ ಬದಲಾವಣೆ ಇನ್ನೊಂದನ್ನು ಕೆಡಿಸುತ್ತದೆ. ಈ ತೊಡಕನ್ನು ಬಿಡಿಸಲು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನವೇ ಕಂಟೇನರ್, ಅಂದರೆ ತಂತ್ರಾಂಶವೊಂದನ್ನು ಅದಕ್ಕೆ ಬೇಕಾದ ಭಾಷಾ ಆವೃತ್ತಿ, ಲೈಬ್ರರಿ ಮತ್ತು ಕಡತಗಳ ಸಮೇತ ಉಳಿದವುಗಳಿಂದ ಬೇರ್ಪಡಿಸಿ ನಡೆಸುವ ವ್ಯವಸ್ಥೆ.

ಇದೇ ಉದ್ದೇಶಕ್ಕೆ ಬಳಸುವ ಇನ್ನೊಂದು ವಿಧಾನವಾದ ವರ್ಚುವಲ್ ಯಂತ್ರದಲ್ಲಿ, ಅಂದರೆ ತಂತ್ರಾಂಶದ ಮೂಲಕವೇ ಕಲ್ಪಿಸಿದ ಯಂತ್ರದಲ್ಲಿ, ಪ್ರತಿಯೊಂದು ಪರಿಸರಕ್ಕೂ ಇಡೀ ಆಪರೇಟಿಂಗ್ ಸಿಸ್ಟಂ ಪ್ರತ್ಯೇಕವಾಗಿ ಬೇಕು. ಕಂಟೇನರ್‌ಗಳಾದರೋ ವಠಾರದ ಮನೆಗಳಿಗೆ ಅಡುಗೆಮನೆ ಬೇರೆ ಬೇರೆಯಾಗಿದ್ದು ಬಾವಿ ಮಾತ್ರ ಒಂದೇ ಇರುವಂತೆ, ಯಂತ್ರಾಂಶವನ್ನು ನಿಯಂತ್ರಿಸುವ ಕರ್ನಲ್ ಎಂಬ ತಿರುಳನ್ನು ಹಂಚಿಕೊಳ್ಳುತ್ತವೆ. ಇದರ ಬೇರು 1979ರ ಯುನಿಕ್ಸ್‌ನಲ್ಲಿದ್ದ, ಪ್ರೋಗ್ರಾಮೊಂದಕ್ಕೆ ಕಡತವ್ಯವಸ್ಥೆಯ ಒಂದು ಭಾಗವನ್ನಷ್ಟೇ ಕಾಣಿಸುವ ಸಿಎಚ್‌ರೂಟ್ ಸೌಲಭ್ಯದಲ್ಲಿದೆ. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಕೈಗೊಂಡ ಕೆಲಸದಿಂದ, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಸಂಸ್ಕಾರಕದ ಎಷ್ಟು ಪಾಲು ಎಂದು ಮಿತಿ ಹಾಕುವ ಸಿಗ್ರೂಪ್ ವ್ಯವಸ್ಥೆ ರೂಪುಗೊಂಡು 2008ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಒಂದು ಗುಂಪಿನ ಪ್ರೋಗ್ರಾಮುಗಳಿಗೆ ಇನ್ನೊಂದು ಗುಂಪು ಕಾಣದಂತೆ ಮಾಡುವ ನೇಮ್‌ಸ್ಪೇಸ್ ಇದಕ್ಕೆ ಜೊತೆಯಾಯಿತು. ಇವೆರಡನ್ನೂ ಸಾಮಾನ್ಯ ತಂತ್ರಜ್ಞರ ಕೈಗೆಟುಕಿಸಿದ್ದು 2013ರಲ್ಲಿ ಬಂದ ಡಾಕರ್.

ಡಾಕರ್‌ನಲ್ಲಿ ಪರಿಸರದ ವಿವರವೆಲ್ಲ ಡಾಕರ್‌ಫೈಲ್ ಎಂಬ ಸಾದಾ ಪಠ್ಯಕಡತದಲ್ಲಿರುತ್ತದೆ. ಅದರಂತೆ ಸಿದ್ಧಗೊಳ್ಳುವ ಅಚ್ಚಿಗೆ ಇಮೇಜ್ ಎಂದೂ, ಆ ಇಮೇಜಿನಿಂದ ಚಾಲನೆಗೊಂಡದ್ದಕ್ಕೆ ಕಂಟೇನರ್ ಎಂದೂ ಹೆಸರು. ಇಮೇಜ್ ಪದರಪದರವಾಗಿರುವುದರಿಂದ, ಎರಡು ತಾಣಗಳು ಒಂದೇ ತಳಪದರವನ್ನು ಬಳಸಿದರೆ ಅದು ಒಮ್ಮೆ ಮಾತ್ರ ಡೌನ್‌ಲೋಡ್ ಆಗುತ್ತದೆ. ಮೊಬೈಲ್ ಡೇಟಾವನ್ನೇ ನಂಬಿ ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಕನ್ನಡ ತಾಣಗಳನ್ನು ಕಟ್ಟುವವರು ಇನ್ನೊಂದು ಸಂಗತಿಯನ್ನು ಗಮನಿಸಲೇಬೇಕು. ಗಾತ್ರ ಕಡಿಮೆಯಿರಲೆಂದು ಇಮೇಜ್‌ಗಳನ್ನು ಬರಿದಾಗಿಸಿರುವುದರಿಂದ ಅವುಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಬ್ರೌಸರಿನಲ್ಲಿ ಪುಟವು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅಲ್ಲಿ ಬಳಕೆಯಾಗುವುದು ನೋಡುಗರ ಯಂತ್ರದ ಫಾಂಟ್; ಅದೇ ತಾಣವು ಕಂಟೇನರಿನೊಳಗೆ ಪಿಡಿಎಫ್ ರಸೀದಿಯೊಂದನ್ನು ತಯಾರಿಸಿದಾಗ ಮಾತ್ರ ಸದಸ್ಯರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳು ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿರುವುದರಿಂದ, ಡೆಬಿಯನ್ ತಳಪದರವುಳ್ಳ ಡಾಕರ್‌ಫೈಲ್‌ಗೆ ಒಂದು ಸಾಲು ಸೇರಿಸಿದರೆ ಈ ಕೊರತೆ ನೀಗುತ್ತದೆ. ದತ್ತಸಂಚಯದಲ್ಲಿಯೂ ಇಂಥದೇ ವ್ಯತ್ಯಾಸವಿದೆ. ಮೈಎಸ್‌ಕ್ಯುಎಲ್ 5.7ರಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಪಶ್ಚಿಮ ಯುರೋಪಿನ ಭಾಷೆಗಳಿಗೆ ಹೊಂದುವ ಲ್ಯಾಟಿನ್1 ಅಕ್ಷರಗಣ ಜಾರಿಯಲ್ಲಿರುತ್ತದೆ. ಅದು ಕನ್ನಡವನ್ನು ನಿರಾಕರಿಸುತ್ತದೆ, ಇಲ್ಲವೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನಾಗಿಸುತ್ತದೆ. 8.0ರಿಂದೀಚೆಗೆ ಯೂನಿಕೋಡೇ ಪೂರ್ವನಿಯೋಜಿತ ಅಕ್ಷರಗಣ. ಆದ್ದರಿಂದ ಹಳೆಯ ತಾಣದ ಪರಿಸರದಲ್ಲಿ ಅಕ್ಷರಗಣವನ್ನು ಸ್ಪಷ್ಟವಾಗಿ ಬರೆದು ನಿಗದಿಪಡಿಸುವುದು ಕಡ್ಡಾಯವೆಂದೇ ಹೇಳಬೇಕು.

ಒಂದು ತಾಣಕ್ಕೆ ಬೇಕಾದ ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಸಾಧನ ಡಾಕರ್ ಕಂಪೋಸ್. ಇದು ಪ್ರತಿ ಯೋಜನೆಗೂ ಪ್ರತ್ಯೇಕ ಆಂತರಿಕ ಜಾಲವನ್ನು ಕಲ್ಪಿಸುವುದರಿಂದ ಎರಡೂ ತಾಣಗಳು ಒಳಗೆ ಸಂಪರ್ಕದ ಬಾಗಿಲಿನಂತಿರುವ 80ನೇ ಪೋರ್ಟ್‌ನಲ್ಲಿಯೇ ಇದ್ದು, ಹೊರಗಡೆ 8081, 8082 ಎಂಬ ಬೇರೆ ಸಂಖ್ಯೆಗಳಲ್ಲಿ ತೆರೆದುಕೊಳ್ಳಬಹುದು. ಇಲ್ಲಿ ಎಚ್ಚರ ಬೇಕಾಗಿರುವುದು ಹೆಸರಿನ ವಿಷಯದಲ್ಲಿ. ಯೋಜನೆಗೆ ಹೆಸರು ಕೊಡದಿದ್ದರೆ ಕಂಪೋಸ್ ಫೋಲ್ಡರಿನ ಹೆಸರನ್ನೇ ತೆಗೆದುಕೊಳ್ಳುತ್ತದೆ. ಎರಡು ಫೋಲ್ಡರ್‌ಗಳಿಗೂ ‘ಸೈಟ್’ ಎಂಬ ಒಂದೇ ಇಂಗ್ಲಿಷ್ ಹೆಸರಿದ್ದರೆ ಎರಡು ಯೋಜನೆಗಳೂ ಒಂದೇ ಎಂದು ಭಾವಿಸಿ ಕಂಟೇನರ್‌ಗಳನ್ನು ಬೆರೆಸಿಬಿಡುತ್ತದೆ. ಫೋಲ್ಡರಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ, ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆಗಳನ್ನಷ್ಟೇ ಒಪ್ಪುವ ಕಂಪೋಸ್‌ಗೆ ಅಲ್ಲಿ ಹೆಸರೇ ಉಳಿಯದೆ ಕೆಲಸ ನಿಲ್ಲುತ್ತದೆ.

ಕಂಟೇನರನ್ನು ಅಳಿಸಿ ಮತ್ತೆ ಕಟ್ಟಬಹುದು, ಅದರೊಳಗಿನ ದತ್ತಾಂಶವನ್ನು ಹಾಗೆ ಕಟ್ಟಲಾಗದು. ಅದಕ್ಕಾಗಿಯೇ ದತ್ತಸಂಚಯದ ಕಡತಗಳನ್ನು ವಾಲ್ಯೂಮ್ ಎಂಬ, ಕಂಟೇನರ್ ಹೋದರೂ ಉಳಿಯುವ ಪ್ರತ್ಯೇಕ ಸಂಗ್ರಹದಲ್ಲಿಡುತ್ತಾರೆ. ಕಂಪೋಸ್‌ನ ‘ಡೌನ್’ ಆದೇಶವು ಹೆಸರಿಟ್ಟ ವಾಲ್ಯೂಮನ್ನು ಮುಟ್ಟುವುದಿಲ್ಲ. ಅದರ ಮುಂದೆ ‘-ವಿ’ ಎಂಬ ಒಂದಕ್ಷರದ ಗುರುತು ಸೇರಿದರೆ ವಾಲ್ಯೂಮೂ ಅಳಿಯುತ್ತದೆ, ಅದೂ ಖಚಿತಪಡಿಸಿಕೊಳ್ಳುವ ಪ್ರಶ್ನೆಯೊಂದನ್ನೂ ಕೇಳದೆ. ಸದಸ್ಯರ ಪಟ್ಟಿ, ಹಣದ ಲೆಕ್ಕ ಇರುವ ತಾಣದಲ್ಲಿ ಆ ಆದೇಶ ಕೊಡುವ ಮೊದಲು ಮೈಎಸ್‌ಕ್ಯುಎಲ್‌ಡಂಪ್ ಎಂಬ ಸಾಧನದ ಮೂಲಕ ದತ್ತಾಂಶದ ಪ್ರತಿಯನ್ನು ಹೊರತೆಗೆದು, ಅದನ್ನು ಬೇರೊಂದು ಪರಿಸರದಲ್ಲಿ ತೆರೆದು, ಕನ್ನಡದ ಹೆಸರುಗಳು ಓದಲು ಬರುತ್ತಿವೆಯೇ ಎಂದು ನೋಡಿಕೊಳ್ಳಬೇಕು.