ಹೊಳೆಯಾಚೆಯ ತವರಿಗೆ

ತುಮರಿಗೆ ಎರಡು ದಾರಿ. ಒಂದು ಎಲ್ಲರಿಗೂ ಗೊತ್ತಿರುವುದು. ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದು, ಅಲ್ಲಿಂದ ಶರಾವತಿ ಹಿನ್ನೀರಿನ ಮೇಲೆ ಆಚೆ ದಡ ಸೇರುವುದು. ಇನ್ನೊಂದು ಹೊಸನಗರ ತಾಲ್ಲೂಕಿನ ನಗರ, ಸಂಪೆಕಟ್ಟೆ, ನಿಟ್ಟೂರಿನ ಕಡೆಯಿಂದ ಕಾಡಿನ ನಡುವೆ ಸುತ್ತಿ ಬರುವ ನೆಲದ ದಾರಿ. ಹಾಗಾಗಿ ಪತ್ರಿಕೆಗಳು ‘ದ್ವೀಪ’ ಎಂದು ಬರೆಯುವ ಈ ಕರೂರು ಸೀಮೆ ನಕ್ಷೆಯ ಪ್ರಕಾರ ದ್ವೀಪವಲ್ಲ. ನೀರು ಸುತ್ತುವರಿದಿದ್ದರೂ ಒಂದು ಕಡೆ ಘಟ್ಟದ ಕಾಡು ಅದನ್ನು ನೆಲಕ್ಕೆ ಅಂಟಿಸಿದೆ. ಆದರೆ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳಿಗೆ ನಕ್ಷೆ ತೋರಿಸಿ ಏನು ಮಾಡುವುದು? ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಅರವತ್ತು ವರ್ಷ ಅದು ದ್ವೀಪವೇ ಆಗಿತ್ತು.

ಈ ಸಲ ನಾವು ಹೋಗುವಾಗ ನೆಲದ ದಾರಿ ಹಿಡಿದೆವು, ಬರುವಾಗ ನೀರಿನ ಮೇಲೆ ಬಂದೆವು. ಅಮ್ಮನ ಅಪ್ಪಣೆ ಹಾಗಿತ್ತು. ಅವಳ ತವರು ಹೊಳೆಯಾಚೆ, ಕರೂರು ಸೀಮೆ. ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ತಾಲ್ಲೂಕಿಗೆ. ಕಾಯಿಲೆಯಿಂದ ಎದ್ದ ಮೇಲೆ ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಎಂದು ತಂಗಿ ಅಂಡಮಾನ್‌ನಿಂದ ಲಕ್ಷದ್ವೀಪದ ತನಕ ಮೊಬೈಲಿನಲ್ಲಿ ತೋರಿಸಿದ್ದಳು. ಅಮ್ಮ ಎಲ್ಲವನ್ನೂ ನೋಡಿ, “ದ್ವೀಪ ನೋಡಕ್ಕೆ ಅಷ್ಟು ದೂರ ಎಂತಕ್ಕೆ? ನಮ್ಮದೇ ಒಂದು ಇದೆಯಲ್ಲ” ಅಂದಳು.

ಅವಳಿಗೆ ಬಂದದ್ದು ಮಂಗನ ಕಾಯಿಲೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಜೊತೆಗೆ ಊರವರೂ ಜ್ವರದಿಂದ ಮಲಗಿದಾಗ ಪತ್ತೆಯಾದ ವೈರಸ್ ಇದು. ಹರಡುವುದು ಉಣುಗು. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಕಡಿದ ಉಣುಗು ಎಳ್ಳುಕಾಳಿಗಿಂತ ಸಣ್ಣದಿರಬಹುದು, ಕಡಿದದ್ದೇ ಗೊತ್ತಾಗುವುದಿಲ್ಲ. ಕೊಟ್ಟಿಗೆಗೆ ದರಗು ತರಲು ಬೆಟ್ಟಕ್ಕೆ ಹೋಗುವ ಹೆಂಗಸರು, ಸೌದೆಗೆ ಹೋಗುವವರು, ದನ ಕಾಯುವವರು, ಇವರೇ ಹೆಚ್ಚಾಗಿ ಇದಕ್ಕೆ ಸಿಗುವುದು. ಮಳೆ ಮುಗಿದು ಚಳಿ ಹಿಡಿದ ಮೇಲೆ ಶುರುವಾಗಿ ಮುಂದಿನ ಮಳೆಯ ತನಕ ಇದರ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದು ಹಲವರನ್ನು ಬಲಿ ತೆಗೆದುಕೊಂಡಿತು. ಕಂಡುಹಿಡಿದು ಏಳು ದಶಕ ಆಗುತ್ತ ಬಂದರೂ ವೈರಸ್ಸನ್ನು ನೇರವಾಗಿ ಕೊಲ್ಲುವ ಮದ್ದಿಲ್ಲ. ಜ್ವರ ಇಳಿಸಿ, ನೀರಿನಂಶ ಕಾಯ್ದು, ಪ್ಲೇಟ್‌ಲೆಟ್ ಎಣಿಸಿ, ಮೈಯೇ ಗೆಲ್ಲಲಿ ಎಂದು ಕಾಯುವುದೇ ಚಿಕಿತ್ಸೆ. ಬಯಲುಸೀಮೆಯ ನಗರಗಳಿಗೆ ಬರುವ ಕಾಯಿಲೆಯಾಗಿದ್ದರೆ ಇಷ್ಟು ವರ್ಷ ಹೀಗೇ ಇರುತ್ತಿತ್ತೇ ಎಂಬ ಪ್ರಶ್ನೆಯನ್ನು ನಮ್ಮ ಕಡೆ ಹಾಲಿನ ಡೇರಿಯಲ್ಲೂ ಕೇಳುತ್ತಾರೆ.

ಅಮ್ಮ ದರಗು ಗುಡಿಸಲು ಹೋಗಿದ್ದಳು. ಶಿವರಾತ್ರಿಯ ಹೊತ್ತಿಗೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮುರಿದಂಥ ಮೈನೋವು. ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಸೇರಿಸಿದೆವು. ಜ್ವರ ಬಿಟ್ಟಿತು, ನಾವು ಹಗುರಾದೆವು. ಆದರೆ ಕೆಲವರಿಗೆ ಒಂದೆರಡು ವಾರದ ಮೇಲೆ ಇದು ಇನ್ನೊಮ್ಮೆ ಬರುತ್ತದೆ, ಬಂದರೆ ಮಿದುಳಿಗೇ ಕೈ ಹಾಕುತ್ತದೆ. ಅಮ್ಮನಿಗೂ ಬಂತು. ಕೈ ನಡುಗುತ್ತಿತ್ತು, ಮಾತು ತಪ್ಪುತ್ತಿತ್ತು. ನನ್ನನ್ನು ಸತ್ತುಹೋದ ಅವಳ ಅಕ್ಕನ ಹೆಸರಿಂದ ಕರೆದು, “ಲಾಂಚ್ ಬಂತನೇ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅದೂ ಇಳಿಯಿತು. ನಿಶ್ಶಕ್ತಿ ಮಾತ್ರ ಮಳೆಗಾಲವಿಡೀ ಬಿಡಲಿಲ್ಲ. ಅವಳು ಅಂಗಳ ದಾಟಿ ತೋಟದ ತನಕ ಒಬ್ಬಳೇ ಹೋಗಿಬಂದ ದಿನ ಅಪ್ಪಯ್ಯ ಬಾಯಿಬಿಟ್ಟು ಏನೂ ಹೇಳದೆ ಎರಡು ಸಲ ಕಾಫಿ ಕುಡಿದರು.

ದೀಪಾವಳಿ ಮುಗಿಸಿ ಹೊರಟೆವು. ಆ ಹೊತ್ತಿಗೆ ಮಳೆ ಬಿಟ್ಟಿರುತ್ತದೆ, ಹಿನ್ನೀರು ತುಂಬಿರುತ್ತದೆ, ಉಣುಗಿನ ಕಾಲ ಇನ್ನೂ ಜೋರಾಗಿರುವುದಿಲ್ಲ. ಪ್ರವಾಸಿಗರು ಮಳೆಗಾಲದ ಉಂಬಳಕ್ಕೆ ಹೆದರಿ ಫೆಬ್ರುವರಿ, ಮಾರ್ಚಿನಲ್ಲಿ ಕಾಡು ಸುತ್ತುತ್ತಾರೆ. ಉಂಬಳ ರಕ್ತವನ್ನಷ್ಟೇ ಹೀರುತ್ತದೆ, ಹೆದರಬೇಕಾದದ್ದು ಇನ್ನೊಂದಕ್ಕೆ ಎಂದು ಅವರಿಗೆ ಹೇಳುವವರಾರು?

ತೀರ್ಥಹಳ್ಳಿಯಿಂದ ಹೊಸನಗರದ ಕಡೆ ಹೋಗುವಾಗ ಅಂಬುತೀರ್ಥ ಸಿಗುತ್ತದೆ. ಶರಾವತಿ ಹುಟ್ಟುವುದು ಇಲ್ಲೇ. ಸೀತೆಯ ಬಾಯಾರಿಕೆಗೆ ರಾಮ ಬಾಣ ಬಿಟ್ಟನೆಂಬುದು ಸ್ಥಳಪುರಾಣ. ಒಂದು ಗುಡಿ, ಒಂದು ಕೊಳ. ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಕಡಲು ಸೇರುವ, ನಡುವೆ ಜೋಗದಲ್ಲಿ 253 ಮೀಟರ್ ಧುಮುಕುವ ಹೊಳೆ ಇಲ್ಲಿ ಮಕ್ಕಳ ಕಾಲು ನೆನೆಯುವಷ್ಟಿದೆ. ಅಮ್ಮ ಕಾರಿನಿಂದ ಇಳಿಯಲಿಲ್ಲ. “ನಿಮ್ಮ ಅಪ್ಪಯ್ಯನ ಊರಲ್ಲಿ ಹುಟ್ಟಿ ನನ್ನ ಊರು ಮುಳುಗಿಸ್ತು” ಎಂದು ಕಿಟಕಿಯಿಂದಲೇ ಹೊಳೆಯ ಮೇಲೆ ದೂರು ಹೇಳಿದಳು. ಅಪ್ಪಯ್ಯ, “ಮುಳುಗಿಸಿದ್ದು ಹೊಳೆಯಲ್ಲ ಮಾರಾಯ್ತಿ, ಸರ್ಕಾರ” ಅಂದರು. ಮದುವೆಯಾದಾಗಿನಿಂದ ನಡೆದುಬಂದ ವಾದವಿದು. ಕಾಯಿಲೆಯ ನಂತರ ಮೊದಲ ಬಾರಿಗೆ ಇಬ್ಬರೂ ಮತ್ತೆ ಅದನ್ನು ಎತ್ತಿಕೊಂಡದ್ದು ನಮಗೆ ಡಾಕ್ಟರ ಚೀಟಿಗಿಂತ ಹೆಚ್ಚಿನ ಭರವಸೆ ಕೊಟ್ಟಿತು.

ನಗರದ ಕೋಟೆಯೆದುರು ಸ್ವಲ್ಪ ಹೊತ್ತು ನಿಂತೆವು. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರಾಲಿ ಹಿಡಿದ. ಮಕ್ಕಳು ಬುರುಜು ಹತ್ತಿ ಇಳಿದರು, ಅಷ್ಟೇ. ನಿಟ್ಟೂರು ಕಳೆದ ಮೇಲೆ ದಾರಿ ಕಿರಿದಾಗುತ್ತದೆ. ಒಂದು ಕಡೆ 1343 ಮೀಟರ್ ಎತ್ತರದ ಕೊಡಚಾದ್ರಿ, ಇನ್ನೊಂದು ಕಡೆ ಮರಗಳ ಸಂದಿನಲ್ಲಿ ಆಗಾಗ ಮಿಂಚುವ ನೀರು. ತೋಟದ ಬೇಲಿಗಳಲ್ಲಿ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಸಾರುವ ಬೋರ್ಡುಗಳು ಶುರುವಾದರೆ ಊರು ಹತ್ತಿರ ಬಂತೆಂದೇ ಅರ್ಥ. ಅಡಿಕೆ ಕಳ್ಳರಿಗೆ ಸಿ.ಸಿ. ಕ್ಯಾಮೆರಾಕ್ಕಿಂತ ಈ ಬೋರ್ಡಿನ ಭಯ ಈಗಲೂ ಹೆಚ್ಚು.

ಸೋದರಮಾವನ ಮನೆ ದಿಬ್ಬದ ಮೇಲಿದೆ. ಇದು ಎರಡನೆಯ ಮನೆ. ಮೊದಲನೆಯದು ನೀರಿನಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಮ್ಮನಿಗೆ ಐದಾರು ವರ್ಷ. 151 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ, ಸಮುದ್ರಮಟ್ಟದಿಂದ 1819 ಅಡಿಗೆ ತುಂಬುವ ಈ ಜಲಾಶಯ ಸುಮಾರು 300 ಚದರ ಕಿ.ಮೀ. ನೆಲವನ್ನು ನುಂಗಿತು. ಕೆಳಗೆ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳು ಕೂತವು. ನಾಡು ಬೆಳಗಿತು. ದೀಪಕ್ಕೆ ಜಾಗ ಬಿಟ್ಟುಕೊಟ್ಟ ಹಳ್ಳಿಗಳು ಮಾತ್ರ ಎಷ್ಟೋ ಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಮಾತು ಇಂದಿಗೂ ಮುಗಿದಿಲ್ಲ. ಮಾವ ಆ ಕಾಗದಪತ್ರಗಳನ್ನು ಟ್ರಂಕಿನಲ್ಲಿ ಇಟ್ಟಿದ್ದಾನೆ, ಕೇಳಿದರೆ ತೆಗೆದು ತೋರಿಸುತ್ತಾನೆ, ಕೇಳದಿದ್ದರೂ ತೋರಿಸುತ್ತಾನೆ.

ಈ ಮುಳುಗಡೆಯನ್ನು ಕನ್ನಡಕ್ಕೆ ಕಾಣಿಸಿದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯಲ್ಲೇ ಸರ್ಕಾರಿ ನೌಕರರಾಗಿದ್ದು ಕಣ್ಣಾರೆ ಕಂಡದ್ದನ್ನು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದಾಗ ಅದಕ್ಕೆ ಸ್ವರ್ಣಕಮಲ ಬಂತು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು. ಅದೇ ವರ್ಷ ಜುಲೈಯಲ್ಲಿ ಈ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆಯಾಯಿತು. ಅವರಿದ್ದು ಅದನ್ನು ದಾಟಬೇಕಿತ್ತು ಎಂದು ನನಗನ್ನಿಸುತ್ತದೆ.

ಅತ್ತೆ ಅಮ್ಮನಿಗೆ ಪಥ್ಯದ ಅಡುಗೆ ಮಾಡಿದ್ದರು: ಗಂಜಿ, ಒಂದೆಲಗದ ತಂಬುಳಿ. ಅಮ್ಮ ಮಾತಿಲ್ಲದೆ ಕೈ ಚಾಚಿ ಅಪ್ಪೆಮಿಡಿ ಭರಣಿಯನ್ನೇ ಎಳೆದುಕೊಂಡಳು.

ಮಾರನೆಯ ಬೆಳಿಗ್ಗೆ ದೋಣಿ. ಪರಿಚಯದ ದೋಣಿಯವನು, ಎಲ್ಲರಿಗೂ ಲೈಫ್ ಜಾಕೆಟ್. ಇಲ್ಲದ ದೋಣಿ ಹತ್ತಬಾರದು. ಹಿನ್ನೀರಿಗೆ ಹೊಳೆಯ ಗುಣವಿಲ್ಲ, ಅಡಿಯಲ್ಲಿ ಕಡಿಯದೆ ಬಿಟ್ಟ ಮರಗಳ ಬೊಡ್ಡೆಗಳಿವೆ, ಗಾಳಿ ಎದ್ದರೆ ಅಲೆ ಏಳುತ್ತದೆ. ನೀರಿನ ನಡುವೆ ಅಲ್ಲಲ್ಲಿ ನಡುಗಡ್ಡೆಗಳು. ಇವನ್ನು ದ್ವೀಪ ಎಂದು ಕರೆದು ಫೋಟೊ ತೆಗೆಯುತ್ತೇವೆ, ಇವೆಲ್ಲ ಗುಡ್ಡದ ನೆತ್ತಿಗಳು. ತುಂಬಿದ ನೀರಿನಂಚಿನಲ್ಲಿ ಕೆಮ್ಮಣ್ಣಿನ ತೆಳು ಗೆರೆ. ಬೇಸಿಗೆ ಏರಿದಂತೆ ಈ ಗೆರೆ ಅಗಲವಾಗುತ್ತ ಹೋಗಿ ಇಡೀ ಗುಡ್ಡ ಸುಲಿದಂತೆ ಕಾಣುತ್ತದೆ. ಹಸಿರು ನೋಡುವವರು ಮಳೆ ಬಿಟ್ಟೊಡನೆ ಬರಲಿ, ಮುಳುಗಿದ್ದನ್ನು ನೋಡುವವರು ಮೇ ತಿಂಗಳಲ್ಲಿ. ಆಗ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೇ ತಲೆ ಎತ್ತುವುದುಂಟು. 1948ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಹದಿನಾರು ವರ್ಷಕ್ಕೆ ಇನ್ನೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನಾನು ಕಂಡಂತೆ ಮಲೆನಾಡಿನ ಯೋಜನೆಗಳ ಚರಿತ್ರೆಯಲ್ಲಿ ಇದಕ್ಕಿಂತ ನೇರವಾದ ಅಧ್ಯಾಯ ಇನ್ನೊಂದಿಲ್ಲ.

ಒಂದು ನಡುಗಡ್ಡೆಯ ಹತ್ತಿರ ಅಮ್ಮ ದೋಣಿ ನಿಲ್ಲಿಸಲು ಹೇಳಿದಳು. ಮಕ್ಕಳು ಇಳಿದು ಓಡಿದರು. ಅವಳಿಗೆ ಹತ್ತುವ ಕಾಲಿರಲಿಲ್ಲ. ದೋಣಿಯಲ್ಲೇ ಕೂತು, ಈ ಗುಡ್ಡದ ಬುಡದಲ್ಲಿ ಗದ್ದೆಯಿತ್ತು, ಮೇಲೆ ದನ ಬಿಡುತ್ತಿದ್ದರು, ಹೊತ್ತು ಕಂತುವಾಗ ನೆತ್ತಿಯಿಂದ ಕೂಗಿದರೆ ನಮ್ಮ ಅಂಗಳಕ್ಕೆ ಕೇಳುತ್ತಿತ್ತು ಎಂದಳು. ಮಾವ ಅದು ಈ ಗುಡ್ಡವಲ್ಲ, ಆಚೆಯದು ಎಂದ. ಇಬ್ಬರೂ ಪಟ್ಟು ಬಿಡಲಿಲ್ಲ. ದೋಣಿಯವನು ನ್ಯಾಯ ಹೇಳಲಿಲ್ಲ. ಅವನು ಮುಳುಗಡೆಯ ನಂತರ ಹುಟ್ಟಿದವನು.

ಮನೆಗೆ ಮರಳಿ ಜಗಲಿಯಲ್ಲಿ ಕೂತಾಗ ಕಾಯಿಲೆಯ ಮಾತು ಬಂತು. ಈ ಸೀಮೆಯಲ್ಲಿ ಕಾಯಿಲೆಗಳ ಕಥೆಯೆಲ್ಲ ಲಾಂಚಿನ ಹೊತ್ತಿನ ಲೆಕ್ಕದಲ್ಲೇ ಇರುತ್ತದೆ. ಹಾವು ಕಡಿದದ್ದು ಯಾವ ವರ್ಷ ಎಂಬುದು ಮರೆತಿರುತ್ತದೆ, ಆಗ ಕೊನೆಯ ಲಾಂಚ್ ಹೋಗಿತ್ತೋ ಇಲ್ಲವೋ ಎಂಬುದು ನೆನಪಿರುತ್ತದೆ. ಅಮ್ಮನ ಅಕ್ಕ ತೀರಿಕೊಂಡದ್ದು ಹಾಗೆ. ಜ್ವರ ನೆತ್ತಿಗೇರಿದ್ದು ರಾತ್ರಿ, ಬೆಳಗಿನ ಮೊದಲ ಲಾಂಚಿಗೆ ಕಾದರು, ಆಚೆ ದಡ ಮುಟ್ಟಿದಾಗ ಮುಗಿದಿತ್ತು. ಯಾವ ಜ್ವರ ಎಂದು ಆಗ ಯಾರೂ ಪರೀಕ್ಷೆ ಮಾಡಲಿಲ್ಲ. ಮಣಿಪಾಲದ ಹಾಸಿಗೆಯಲ್ಲಿ ಅಮ್ಮ ನನ್ನನ್ನು ಯಾರೆಂದುಕೊಂಡು ಏನು ಕೇಳುತ್ತಿದ್ದಳು ಎಂಬುದು ನನಗೆ ತಿಳಿದದ್ದು ಈ ಜಗಲಿಯ ಮೇಲೆ. ಅಷ್ಟು ವರ್ಷ ಆ ಮಾತು ನಮ್ಮ ಮನೆಯಲ್ಲಿ ಬಂದೇ ಇರಲಿಲ್ಲ.

ಹೊರಡುವ ದಿನ ಸಿಗಂದೂರಿನಲ್ಲಿ ಅಮ್ಮನ ಹರಕೆ ತೀರಿಸಿ ಕಳಸವಳ್ಳಿಗೆ ಬಂದೆವು. ಎದುರಿಗೆ ಸೇತುವೆ. 2 ಕಿ.ಮೀ.ಗೂ ಉದ್ದ, ನಡುವೆ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಸಿಗಂದೂರು ಚೌಡೇಶ್ವರಿಯ ಹೆಸರನ್ನೇ ಇಟ್ಟಿದ್ದಾರೆ. ಲಾಂಚಿನ ಕಾಲದಲ್ಲಿ ಹಬ್ಬದ ದಿನ ಗಂಟೆಗಟ್ಟಲೆ ಸರತಿಯಲ್ಲಿ ನಿಂತು, ಬಸ್ಸು, ಕಾರು, ಜನ ಎಲ್ಲ ಒತ್ತಿಕೊಂಡು ದಾಟುತ್ತಿದ್ದ ನೀರು ಈಗ ಕೆಲವು ನಿಮಿಷದ ದಾರಿ. ಸೇತುವೆಯ ಮೇಲೆ ಬೈಕ್ ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಹುಡುಗರ ಗುಂಪಿನಲ್ಲೊಬ್ಬ, “ಲಾಂಚಲ್ಲಿ ಹೋಗೋ ಮಜಾನೇ ಹೋಯ್ತು” ಅನ್ನುತ್ತಿದ್ದ. ಮಜಾ ಹೋದದ್ದು ನಿಜ. ಲಾಂಚಿನ ಕಟಕಟೆಗೆ ಒರಗಿ ಗಾಳಿಗೆ ಮುಖವೊಡ್ಡಿದ ಸುಖ ನನಗೂ ನೆನಪಿದೆ. ಆದರೆ ಆ ಸುಖ ಸಂಜೆಗೆ ತನ್ನೂರಿಗೆ ಮರಳುವವರದು. ಇದೇ ಹಿನ್ನೀರಿನ ಹಸಿರುಮಕ್ಕಿಯಲ್ಲಿ ಇಂಥದೇ ಸೇತುವೆಗಾಗಿ ವರ್ಷಗಟ್ಟಲೆ ಕಾದವರನ್ನು ಕೇಳಿದರೆ ಮಜಾದ ಲೆಕ್ಕ ಅವರು ಹೇಳುತ್ತಾರೆ.

ನಿಜ ಹೇಳಬೇಕೆಂದರೆ ಸೇತುವೆ ಇಲ್ಲದಿದ್ದರೆ ನಾವು ಅಮ್ಮನನ್ನು ಕರೆತರುತ್ತಲೇ ಇರಲಿಲ್ಲ. ಡಾಕ್ಟರು, “ಎಲ್ಲಿಗಾದರೂ ಹೋಗಿ, ಆಸ್ಪತ್ರೆ ಕೈಗೆಟಕುವಂತಿರಲಿ” ಎಂದಿದ್ದರು. ಹಿಂದಿನ ವರ್ಷವಾಗಿದ್ದರೆ ಅವಳ ತವರು ಆ ಮಾತಿನ ಹೊರಗೇ ಉಳಿಯುತ್ತಿತ್ತು. ಕಾಯಿಲೆಯವರು ದಾಟಿ ಹೋಗಲೆಂದು ಕೇಳಿದ ಸೇತುವೆಯಲ್ಲಿ ಕಾಯಿಲೆಯಿಂದ ಎದ್ದವರು ದಾಟಿ ಬರುವುದೂ ಸಾಧ್ಯ ಎಂಬುದು ಯಾವ ಮನವಿಪತ್ರದಲ್ಲೂ ಇದ್ದಿರಲಾರದು.

ಸಾಗರದ ಬಸ್‌ಸ್ಟ್ಯಾಂಡಿನ ಪಕ್ಕ ಟೀ ಕುಡಿಯಲು ನಿಲ್ಲಿಸಿದೆವು. ಎಲ್ಲರ ಲೋಟ ಖಾಲಿಯಾದರೂ ಅಮ್ಮ ಕಾಣಲಿಲ್ಲ. ನೋಡಿದರೆ ಸಿಗಂದೂರು ಬೋರ್ಡಿನ ಬಸ್ಸಿನ ಬಾಗಿಲಲ್ಲಿ ಕಂಡಕ್ಟರನನ್ನು ಹಿಡಿದು ನಿಲ್ಲಿಸಿದ್ದಾಳೆ. ಬೆಳಿಗ್ಗೆ ಮೊದಲ ಬಸ್ಸು ಎಷ್ಟಕ್ಕೆ, ತುಮರಿಯಲ್ಲಿ ಇಳಿದರೆ ಮುಂದಕ್ಕೆ ಆಟೊ ಸಿಗುತ್ತದಾ, ಆಧಾರ್ ಕಾರ್ಡ್ ಇದ್ದರೆ ಟಿಕೆಟ್ ಫ್ರೀಯಾ.

“ಯಾರಿಗೆ ವಿಚಾರಿಸ್ತಿದ್ದೀಯ?” ಅಪ್ಪಯ್ಯ ಕೇಳಿದರು.

“ನನಗೇ. ಅಪ್ಪೆಮಿಡಿ ಹೊತ್ತಿಗೆ ಬರ್ತೀನಿ ಅಂತ ನಾದಿನಿಗೆ ಹೇಳಿದೀನಿ.”

“ಒಬ್ಬಳೇ? ಅದೂ ಉಣುಗಿನ ಕಾಲದಲ್ಲಿ?”

“ಬಸ್ಸಲ್ಲಿ ಉಣುಗು ಕಡಿಯಲ್ಲ” ಅಂದಳು ಅಮ್ಮ, “ಬೆಟ್ಟಕ್ಕೆ ಮಿಡಿ ಕೊಯ್ಯಕ್ಕೆ ಹೋಗೋದು ಅವರು. ಉಪ್ಪು ಹಾಕೋದು ನಾನು.” ಮತ್ತೆ ಕಂಡಕ್ಟರನ ಕಡೆ ತಿರುಗಿ, ವಾಪಸ್ ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.